ಟೊಟೊರೊ ಚಿತ್ರವನ್ನು ಮನೆಯಲ್ಲಿ ಮಕ್ಕಳೊಂದಿಗೆ ನೋಡುವ ಬಗೆ

ಮಕ್ಕಳ ಜೊತೆ ಕೂತು ನೋಡುವಂಥ ಒಂದು ಒಳ್ಳೆಯ ಅನಿಮೇಷನ್ ಚಿತ್ರ ಹೇಳಿ ಎಂದು ಕೇಳಿದ ಗೆಳೆಯರಿಗೆಲ್ಲ ನಾನು ಹಲವು ವರ್ಷಗಳಿಂದ ಹೇಳುತ್ತ ಬಂದಿರುವುದು ಒಂದೇ ಹೆಸರು: ಹಯಾವೊ ಮಿಯಾಝಾಕಿ ನಿರ್ದೇಶನದ ‘ಮೈ ನೇಬರ್ ಟೊಟೊರೊ’. ಈಚೆಗೆ ಹೆಸರಿನ ಜೊತೆಗೆ ನೋಡುವ ಬಗೆಯನ್ನೂ ಹೇಳತೊಡಗಿದ್ದೇನೆ. ಚಿತ್ರ ಬಹಳ ನಿಧಾನ ಅನ್ನಿಸಿತು, ಮಗು ಅರ್ಧಕ್ಕೇ ಎದ್ದುಹೋಯಿತು ಎಂದು ಹೇಳಿದವರನ್ನು ವಿಚಾರಿಸಿದಾಗ, ಹೆಚ್ಚಿನವರು ಅದನ್ನು ಮೊಬೈಲ್‌ನಲ್ಲಿ ಹಾಕಿ ಮಗುವಿನ ಕೈಗೆ ಕೊಟ್ಟು ತಾವು ಬೇರೆ ಕೆಲಸಕ್ಕೆ ಹೋಗಿದ್ದರೆಂದು ತಿಳಿಯಿತು. ಇದು ಹಾಗೆ ನೋಡುವ ಚಿತ್ರವಲ್ಲ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು, ಪಾತ್ರಗಳ ಮಾತನ್ನು ಕನ್ನಡದಲ್ಲಿ ಹೇಳುತ್ತ, ಕೊನೆಯ ಹೆಸರುಗಳ ಪಟ್ಟಿ ಮುಗಿಯುವವರೆಗೂ ಜೊತೆಗಿದ್ದು ನೋಡಬೇಕಾದ ಚಿತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

1988ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ತೆರೆಕಂಡ ಈ ಚಿತ್ರದ ಅವಧಿ 86 ನಿಮಿಷ. ಕಾಲ 1950ರ ದಶಕ; ಸ್ಥಳ ಟೋಕಿಯೊ ಸಮೀಪದ ಟೊಕೊರೊಝಾವಾ ಸುತ್ತಿನ ಗದ್ದೆ ಮತ್ತು ಗುಡ್ಡಗಾಡಿನ ನೆನಪಿನಲ್ಲಿ ಬರೆದ ಒಂದು ಹಳ್ಳಿ. ಆಸ್ಪತ್ರೆಯಲ್ಲಿರುವ ತಾಯಿಗೆ ಹತ್ತಿರವಾಗಲೆಂದು ಸತ್ಸುಕಿ ಮತ್ತು ಮೇ ಎಂಬ ಅಕ್ಕತಂಗಿಯರು ತಂದೆಯೊಂದಿಗೆ ಹಳೆಯ ಮನೆಯೊಂದಕ್ಕೆ ಬರುತ್ತಾರೆ. ಖಳನಾಯಕನಿಲ್ಲ, ಹೊಡೆದಾಟವಿಲ್ಲ, ಟೊಟೊರೊ ಎಂಬ ಆ ದೊಡ್ಡ ಮೃದು ಪ್ರಾಣಿಯೂ ಹೆಚ್ಚುಕಡಿಮೆ ಅರ್ಧ ಗಂಟೆಯವರೆಗೆ ಕಾಣಿಸಿಕೊಳ್ಳುವುದಿಲ್ಲ. ಅಲ್ಲಿಯವರೆಗೆ ನಾವು ನೋಡುವುದು ಇಬ್ಬರು ಹುಡುಗಿಯರು ಹೊಸ ಮನೆಯ ಬಾಗಿಲುಗಳನ್ನು ತೆರೆದು ಮುಚ್ಚುವುದನ್ನು, ಬಾವಿಯ ನೀರು ಹೊಡೆಯುವುದನ್ನು, ಅಟ್ಟ ಹತ್ತುವುದನ್ನು.

ಸಿಗುವುದು ಎಲ್ಲಿ ಎಂಬ ಪ್ರಶ್ನೆಗೆ ಭಾರತದಲ್ಲಿ ಉತ್ತರ ಸುಲಭ: ನೆಟ್‌ಫ್ಲಿಕ್ಸ್. ಈ ಚಿತ್ರವನ್ನು ತಯಾರಿಸಿದ ಸ್ಟುಡಿಯೋ ಘಿಬ್ಲಿ ತನ್ನ ಚಿತ್ರಗಳನ್ನು ಇಂಟರ್ನೆಟ್ಟಿಗೆ ಕೊಡಲು ಬಹುಕಾಲ ಒಪ್ಪಿರಲಿಲ್ಲ. 2020ರ ಫೆಬ್ರುವರಿ 1ರಂದು ಅವು ಮೂರು ಕಂತುಗಳಲ್ಲಿ ನೆಟ್‌ಫ್ಲಿಕ್ಸ್‌ಗೆ ಬರತೊಡಗಿದಾಗ ಮೊದಲ ಕಂತಿನಲ್ಲೇ ಟೊಟೊರೊ ಇತ್ತು. ಆ ಒಪ್ಪಂದ ಅಮೆರಿಕಕ್ಕೆ ಅನ್ವಯಿಸಲಿಲ್ಲ. ಅಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ಎಚ್‌ಬಿಒ ಮ್ಯಾಕ್ಸ್ ಎಂಬ ಇನ್ನೊಂದು ಆನ್‌ಲೈನ್ ಸೇವೆ ಇವನ್ನು ಪಡೆಯಿತು. ಆದ್ದರಿಂದ ಅಮೆರಿಕದಲ್ಲಿರುವ ಅಣ್ಣನ ಮಕ್ಕಳಿಗೆ ನೀವು ಇಲ್ಲಿಂದ ನೆಟ್‌ಫ್ಲಿಕ್ಸ್ ಕೊಂಡಿ ಕಳಿಸಿದರೆ ಪ್ರಯೋಜನವಾಗುವುದಿಲ್ಲ.

ಮಗು ಮತ್ತೆ ಮತ್ತೆ ಕೇಳುವ ಚಿತ್ರ ಮನೆಯಲ್ಲೇ ಇರಲಿ ಎಂದು ಡಿಸ್ಕ್ ಕೊಳ್ಳುವುದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ, ಏಕೆಂದರೆ ಆನ್‌ಲೈನ್ ಹಕ್ಕುಗಳು ಒಪ್ಪಂದದ ಅವಧಿಗೆ ಒಳಪಟ್ಟವು, ಮತ್ತು ನಾವು ಡೌನ್‌ಲೋಡ್ ಮಾಡಿಟ್ಟುಕೊಂಡದ್ದು ಕೂಡ ಕೆಲವು ದಿನಗಳಲ್ಲಿ ಅವಧಿ ಮೀರುತ್ತದೆ. ಆದರೆ ವಿದೇಶದಿಂದ ತರಿಸುವ ಮುನ್ನ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ಗಳಲ್ಲಿ ಓಡುತ್ತದೆಂದು ಹೇಳುವ ಪ್ರದೇಶ ಸಂಕೇತವನ್ನು ನೋಡಿಕೊಳ್ಳಬೇಕು. ಬ್ಲೂ-ರೇಯಲ್ಲಿ ಅಮೆರಿಕ ಮತ್ತು ಜಪಾನ್ ‘ಎ’ ಪ್ರದೇಶ, ಬ್ರಿಟನ್ ‘ಬಿ’, ಭಾರತ ‘ಸಿ’. ಡಿವಿಡಿಯಲ್ಲಿ ಅಮೆರಿಕ 1, ಜಪಾನ್ ಮತ್ತು ಬ್ರಿಟನ್ 2, ಭಾರತ 5. ಎಲ್ಲ ಪ್ರದೇಶದ ಡಿಸ್ಕ್‌ಗಳನ್ನೂ ಓದುವ ಪ್ಲೇಯರ್ ಇಲ್ಲದಿದ್ದರೆ, ರಜೆಗೆ ಬರುವ ನೆಂಟರು ಪ್ರೀತಿಯಿಂದ ಹೊತ್ತು ತಂದ ಡಿಸ್ಕ್ ಕಪಾಟಿನಲ್ಲೇ ಉಳಿಯಬಹುದು.

ಟೆಲಿಗ್ರಾಂನಲ್ಲಿ ಓಡಾಡುವ ನಕಲು ಪ್ರತಿಗಳನ್ನು ದಯವಿಟ್ಟು ಬಿಡಿ. ಕಾನೂನು ಮತ್ತು ಕಲಾವಿದರ ಶ್ರಮದ ಮಾತು ಎಲ್ಲರಿಗೂ ಗೊತ್ತಿರುವುದೇ. ಅದರ ಜೊತೆಗೆ, ಪತ್ತೆಯಾಗದಿರಲೆಂದು ಇಂಥ ಪ್ರತಿಗಳನ್ನು ಎಡಬಲ ತಿರುಗಿಸುವುದು, ಅಂಚು ಕತ್ತರಿಸುವುದು, ವೇಗ ಹೆಚ್ಚಿಸುವುದು ನಡೆದೇ ಇರುತ್ತದೆ. ಕೈಯಿಂದ ಬರೆದ ಒಂದೊಂದು ಹಿನ್ನೆಲೆ ಚಿತ್ರಕ್ಕೂ ಬೆಲೆಯಿರುವ ಈ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಇನ್ನು ಭಾಷೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಮುಖ್ಯವೆನಿಸುವುದು ಇದೇ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಧ್ವನಿಯನ್ನೇ ಹಾಕುತ್ತಾರೆ. ನನ್ನ ಸಲಹೆ ಬೇರೆ: ಜಪಾನಿ ಧ್ವನಿ ಇಟ್ಟು, ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ದೊಡ್ಡವರು ಓದಿಕೊಂಡು, ಮಗುವಿಗೆ ಮನೆಮಾತಿನ ಕನ್ನಡದಲ್ಲಿ ಹೇಳಬೇಕು. ಈ ಚಿತ್ರದಲ್ಲಿ ಮಾತು ಕಡಿಮೆ, ವಾಕ್ಯಗಳು ಚಿಕ್ಕವು. ಹೇಳುವವರಿಗೆ ಬೇಕಾದಷ್ಟು ಬಿಡುವು ಸಿಗುತ್ತದೆ. ಇದೇನೂ ಹೊಸ ಪದ್ಧತಿಯಲ್ಲ. ಟೊಟೊರೊ ತೆರೆಗೆ ಬಂದ ಆ ದಿನಗಳಲ್ಲೇ ನಮ್ಮಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದ ಹಿಂದಿ ರಾಮಾಯಣಕ್ಕೆ ಓಣಿಯ ಜನವೆಲ್ಲ ಟಿವಿ ಇರುವ ಮನೆಯಲ್ಲಿ ಸೇರುತ್ತಿದ್ದರು, ಹಿಂದಿ ಬಲ್ಲವರು ಅಜ್ಜಿಯರಿಗೆ ಅರ್ಥ ಹೇಳುತ್ತಿದ್ದರು, ಅದರಿಂದ ಯಾರ ರಸಾಸ್ವಾದಕ್ಕೂ ಭಂಗ ಬರುತ್ತಿರಲಿಲ್ಲ.

ಹೀಗೆ ನೋಡಿದಾಗ ಮಗುವಷ್ಟೇ ಅಲ್ಲ, ಮನೆಯ ಹಿರಿಯರೂ ಬಂದು ಕೂರುತ್ತಾರೆ. ಹಳೆಯ ಮನೆಯ ಕತ್ತಲಲ್ಲಿ ಕರಿಯ ಮಸಿಯುಂಡೆಗಳಂಥ ಪುಟ್ಟ ಜೀವಿಗಳು ಗೋಡೆ ಹತ್ತಿ ಓಡುವ ದೃಶ್ಯ ಬಂದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿ “ನಮ್ಮೂರ ಮನೇಲಿ ಒಲೆ ಮೇಲೆ ಇಲ್ಲಣ ಹಿಂಗೇ ಜೋತಾಡ್ತಿತ್ತು, ಯುಗಾದಿಗೆ ಮುಂಚೆ ನಾನೂ ನಿಮ್ ದೊಡ್ಡಮ್ಮನೂ ಕೋಲಿಗೆ ಪೊರಕೆ ಕಟ್ಟಿ ಹೊಡೀತಿದ್ವಿ” ಎಂದು ಹೇಳುತ್ತ ಒಳಗೆ ಬಂದು ಮೊಮ್ಮಗಳ ಪಕ್ಕ ಕೂತವರು ಚಿತ್ರ ಮುಗಿಯುವವರೆಗೆ ಏಳಲಿಲ್ಲ. ಹಳ್ಳಿಯ ಅಜ್ಜಿ ತನ್ನ ತೋಟದ ತರಕಾರಿಯನ್ನು ಮಕ್ಕಳಿಗೆ ತಿನ್ನಿಸುವ ದೃಶ್ಯಕ್ಕೆ ಅರ್ಥ ಹೇಳಿದವರು ಅವರೇ. ನನಗಿಂತ ಚೆನ್ನಾಗಿಯೇ ಹೇಳಿದರು.

ಟಿವಿಯಲ್ಲಿ ಒಂದು ಸಣ್ಣ ಕೆಲಸ ಮಾಡಿಕೊಳ್ಳಬೇಕು. ಚಿತ್ರದ ಚಲನೆಯನ್ನು ನಯಗೊಳಿಸುವ ಸೌಲಭ್ಯವೊಂದು ಈಗಿನ ಹಲವು ಟಿವಿಗಳಲ್ಲಿ ಮೊದಲೇ ಚಾಲನೆಯಲ್ಲಿರುತ್ತದೆ. ಕಂಪನಿಗೊಂದು ಹೆಸರು, ಸಾಮಾನ್ಯವಾಗಿ ಮೋಷನ್ ಎಂಬ ಪದ ಅದರಲ್ಲಿರುತ್ತದೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮುಗಳು. ಕೈಯಿಂದ ಚಿತ್ರ ಬರೆದು ಮಾಡುವ ಅನಿಮೇಷನ್‌ನಲ್ಲಿ ಒಂದೇ ಚಿತ್ರವನ್ನು ಎರಡು ಮೂರು ಫ್ರೇಮುಗಳ ಕಾಲ ಹಿಡಿದಿಡುವುದು ರೂಢಿ, ನಡೆಯ ತೂಕ ಮತ್ತು ಲಯ ಹುಟ್ಟುವುದು ಅದರಿಂದಲೇ. ಟಿವಿ ತಾನೇ ನಡುವಣ ಫ್ರೇಮುಗಳನ್ನು ಊಹಿಸಿ ಸೇರಿಸಿದರೆ ಗೆರೆಗಳು ಕಲಸಿದಂತಾಗುತ್ತವೆ. ಆ ಸೌಲಭ್ಯವನ್ನು ಆಫ್ ಮಾಡಿ, ಅಥವಾ ಸಿನಿಮಾ ಮೋಡ್ ಹಾಕಿ. ಬಸ್ ನಿಲ್ದಾಣದ ದೃಶ್ಯ ಬರುವ ಹೊತ್ತಿಗೆ ಫ್ಯಾನನ್ನೂ ಆರಿಸಿದರೆ ಇನ್ನೂ ಒಳ್ಳೆಯದು. ಸಂಜೆಗತ್ತಲು, ಮಳೆ, ಬೆನ್ನ ಮೇಲೆ ನಿದ್ದೆಹೋದ ತಂಗಿಯನ್ನು ಹೊತ್ತು ಸತ್ಸುಕಿ ತಂದೆಯ ಬಸ್ಸಿಗಾಗಿ ಕಾಯುತ್ತಿದ್ದಾಳೆ. ತಲೆಯ ಮೇಲೊಂದು ಎಲೆಯಿಟ್ಟುಕೊಂಡು ಟೊಟೊರೊ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಅವಳು ಕೊಟ್ಟ ಕೊಡೆಯ ಮೇಲೆ ಹನಿ ಬಿದ್ದ ಸದ್ದು ಕೇಳಿ ಅದರ ಕಣ್ಣು ಅರಳುತ್ತದೆ, ಇನ್ನಷ್ಟು ಹನಿ ಬೇಕೆಂದು ಅದು ಒಮ್ಮೆ ನೆಗೆದರೆ ಮರಗಳ ಮೇಲಿನ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ. ಹನಿಯ ಸದ್ದು ಕೇಳದಿದ್ದರೆ ಆ ದೃಶ್ಯದಲ್ಲಿ ಉಳಿಯುವುದು ಬಹಳ ಕಡಿಮೆ.

ಎರಡು ವಿಷಯಗಳನ್ನು ಪೋಷಕರು ಮೊದಲೇ ತಿಳಿದಿರುವುದು ಒಳ್ಳೆಯದು. ತಂದೆ ಮತ್ತು ಮಕ್ಕಳು ಒಟ್ಟಿಗೆ ಸ್ನಾನದ ತೊಟ್ಟಿಯಲ್ಲಿ ಕೂರುವ ದೃಶ್ಯವೊಂದಿದೆ. ಜಪಾನಿನ ಮನೆಗಳಲ್ಲಿ ಅದು ಸಹಜ ರೂಢಿ, ಮಗು ಕೇಳಿದರೆ ಅಷ್ಟನ್ನೇ ಹೇಳಿದರೆ ಸಾಕು. ಇನ್ನೊಂದು ತಾಯಿಯ ಕಾಯಿಲೆ. ಮಿಯಾಝಾಕಿಯವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ನರಳಿದವರು, ಚಿತ್ರದಲ್ಲಿ ಮಕ್ಕಳಿಗಿರುವ ಆತಂಕ ಕಟ್ಟಿದ್ದಲ್ಲ. ನನ್ನ ಮಗಳು ಟೊಟೊರೊವನ್ನೂ ಚಿತ್ರದಲ್ಲಿ ಬರುವ ಬೆಕ್ಕಿನ ರೂಪದ ಬಸ್ಸನ್ನೂ ಬಿಟ್ಟು ಕೇಳಿದ್ದು “ಅವ್ರಮ್ಮ ಮನೆಗೆ ಯಾವಾಗ ಬರ್ತಾರೆ?” ಎಂದು. ಇದಕ್ಕೆ ಉತ್ತರ ಇರುವುದು ಕಥೆ ಮುಗಿದ ಮೇಲೆ, ಹೆಸರುಗಳ ಜೊತೆ ಬರುವ ಚಿತ್ರಗಳಲ್ಲಿ. ತಾಯಿ ಮನೆಗೆ ಮರಳುವುದನ್ನು ಅಲ್ಲಿ ತೋರಿಸಿದ್ದಾರೆ. ಆದರೆ ಹೆಸರುಗಳು ಶುರುವಾದೊಡನೆ ನೆಟ್‌ಫ್ಲಿಕ್ಸ್ ಆ್ಯಪ್ ಚಿತ್ರವನ್ನು ಚಿಕ್ಕದಾಗಿಸಿ ಮುಂದಿನದನ್ನು ತೋರಿಸಲು ಹವಣಿಸುತ್ತದೆ. ರಿಮೋಟ್ ಕೈಯಲ್ಲೇ ಇಟ್ಟುಕೊಂಡಿದ್ದು, ಹೆಸರುಗಳನ್ನು ನೋಡುವ ಆಯ್ಕೆಯನ್ನು ತಕ್ಷಣ ಒತ್ತಿ.

ಇಷ್ಟೆಲ್ಲ ಹೇಳಿದ ಮೇಲೂ, ಕನ್ನಡದ ಧ್ವನಿ ಇರಲೇಬೇಕೆಂದು ನಾನು ಬಯಸುತ್ತೇನೆ. ಘಿಬ್ಲಿ ಚಿತ್ರಗಳು ನೆಟ್‌ಫ್ಲಿಕ್ಸ್‌ಗೆ ಬರುವಾಗ 28 ಭಾಷೆಗಳ ಅಡಿಬರಹ ಮತ್ತು ಗರಿಷ್ಠ 20 ಭಾಷೆಗಳ ಧ್ವನಿಯನ್ನು ಘೋಷಿಸಲಾಗಿತ್ತು. ಕನ್ನಡದ ಪಾಲಿಗೆ ಏನೂ ಬರಲಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಆದೇಶಿಸಿದೆ. ಚಿಂಟು ಟಿವಿಯಲ್ಲಿ ಕನ್ನಡ ಮಾತಾಡುವ ಕಾರ್ಟೂನುಗಳನ್ನು ನೋಡುತ್ತ ಮಕ್ಕಳು ಬೆಳೆದಿದ್ದಾರೆ. 2025ರಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂದು ಸಂಸಾರ ಸಮೇತರಾದ ಪ್ರೇಕ್ಷಕರನ್ನು ಚಿತ್ರಮಂದಿರಕ್ಕೆ ಕರೆತಂದಿತು. ದುಡ್ಡು ಕೊಡುವ ಚಂದಾದಾರರಾಗಿ ನಾವು ಗ್ರಾಹಕ ಸೇವೆಗೆ ಬರೆದು ಕೇಳಬೇಕು. ನಾನು ಬರೆದಿದ್ದೇನೆ, ನೀವೂ ಬರೆಯಿರಿ. ಅಡಿಬರಹ ಓದಿ ಅರ್ಥ ಹೇಳುವಷ್ಟು ಇಂಗ್ಲಿಷ್ ಬಲ್ಲವರು ಎಲ್ಲ ಮನೆಗಳಲ್ಲೂ ಇರುವುದಿಲ್ಲ, ಆ ಮನೆಗಳ ಮಕ್ಕಳಿಗೂ ಈ ಚಿತ್ರ ಸಿಗಬೇಕು.