ಜಾತಕ ಆಮೇಲೆ, ಮಗಳ ಮಾತು ಮೊದಲು

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಪ್ಪ-ಮಗಳ ನಡುವೆ ಮಾತು ನಿಲ್ಲುವುದು ಹುಡುಗ ಹಿಡಿಸಲಿಲ್ಲ ಅನ್ನುವುದಕ್ಕಲ್ಲ. ಅವಳು ಬೇಡ ಅನ್ನುವ ಹೊತ್ತಿಗೆ ಅಪ್ಪ ಎಷ್ಟು ಜನಕ್ಕೆ ಮಾತು ಕೊಟ್ಟಾಗಿದೆ ಅನ್ನುವುದಕ್ಕೆ. ಮುಂಬೈಯಲ್ಲಿದ್ದುಕೊಂಡು ಎರಡೂ ಊರಿನ ಕ್ರಮ ನೋಡುವಾಗ ನನಗೆ ಎದ್ದು ಕಾಣುವ ವ್ಯತ್ಯಾಸ ಇದೇ.

ನಮ್ಮ ಕ್ರಮ ಗೊತ್ತಿದ್ದದ್ದೇ. ಬಯೋಡೇಟಾ, ಫೋಟೊ ವಾಟ್ಸಾಪಿನಲ್ಲಿ ಬರುತ್ತವೆ. ಗೋತ್ರ ಬೇರೆ ಅಂತಾದ ಕೂಡಲೇ ಜಾತಕ ಜೋಯಿಸರ ಕೈಗೆ. 36 ಗುಣಗಳಲ್ಲಿ 18 ಬಂದರೆ ಸಾಕು ಅನ್ನುತ್ತಾರೆ. ಅದರಲ್ಲಿ ನಾಡಿಕೂಟ ಅನ್ನುವ ಒಂದು ಭಾಗಕ್ಕೇ 8 ಗುಣ ಇರುವುದರಿಂದ ಅದು ತಪ್ಪಿದರೆ ಬಹಳ ಮಂದಿ ಮುಂದುವರಿಯುವುದಿಲ್ಲ. ಕೂಡಿಬಂತು ಅಂದರೆ ದೊಡ್ಡವರು ಫೋನಿನಲ್ಲಿ ಮಾತಾಡಿ ಭಾನುವಾರ ಗೊತ್ತುಮಾಡುತ್ತಾರೆ. ಏಳೆಂಟು ಜನ ಬಂದು ಉಪ್ಪಿಟ್ಟು-ಕೇಸರಿಬಾತ್ ತಿಂದು ಹೋಗುತ್ತಾರೆ. ಮಗಳನ್ನು ಕೇಳುವುದು ಅವರು ಗೇಟು ದಾಟಿದ ಮೇಲೆ.

ಎಡವುವುದು ಇಲ್ಲೇ. ಸಂಬಂಧ ಬೇಡ ಅನ್ನಲು ನಮ್ಮಲ್ಲಿ ಯಾರ ಮನಸ್ಸೂ ನೋಯದ ಮಾತು ಇರುವುದು ಒಂದೇ: "ಜಾತಕ ಕೂಡಿಬರಲಿಲ್ಲ." ಅದು ಪೂರ್ತಿ ನಿಜವಲ್ಲ ಅಂತ ಎರಡೂ ಕಡೆಯವರಿಗೆ ಗೊತ್ತಿದ್ದರೂ ಯಾರೂ ಕೆದಕುವುದಿಲ್ಲ. ಜಾತಕವನ್ನು ಮೊದಲೇ ಕೂಡಿಸಿಟ್ಟರೆ ಆ ದಾರಿ ಮುಚ್ಚಿತು. ಆಮೇಲೆ ಅಪ್ಪ "ನನ್ನ ಮಗಳು ಒಪ್ಪಲಿಲ್ಲ" ಅಂತಲೇ ಹೇಳಬೇಕು, ಅದೂ ಸಂಬಂಧ ತಂದ ಷಡ್ಡಕನಿಗೋ ಕಚೇರಿಯ ಹಿರಿಯರಿಗೋ. ಆ ಫೋನು ಮಾಡಲಾರದ ಸಂಕಟವೇ ಮನೆಯೊಳಗೆ ಸಿಟ್ಟಾಗಿ ಮಗಳ ಮೇಲೆ ಬೀಳುತ್ತದೆ.

ಮುಂಬೈಯ ಮರಾಠಿ ಮನೆಗಳಲ್ಲೂ ಕಾಂದೆ ಪೋಹೆ, ಅಂದರೆ ಈರುಳ್ಳಿ ಅವಲಕ್ಕಿ ತಿಂದು ಹುಡುಗಿ ನೋಡುವ ಶಾಸ್ತ್ರ, ಇದೆ; ಪತ್ರಿಕೆ, ಅಂದರೆ ಜಾತಕ, ನೋಡುವುದೂ ಇದೆ. ಜಾತಿ ಕೇಳುವುದು ಇಲ್ಲಿ ಕಡಿಮೆ ಅಂತ ನಾನು ಹೇಳಲಾರೆ. ಆದರೆ ಕೆಲಸದಲ್ಲಿರುವ ಮಕ್ಕಳ ವಿಷಯದಲ್ಲಿ ಹುಡುಗ-ಹುಡುಗಿ ಮೊದಲು ಹೊರಗೆ, ಸ್ಟೇಷನ್ ಹತ್ತಿರದ ಯಾವುದೋ ಹೋಟೆಲಿನಲ್ಲಿ, ಎರಡು ಮೂರು ಸಲ ಕೂತು ಮಾತಾಡುವುದು ಸಾಮಾನ್ಯ. ದೊಡ್ಡವರು ಸೇರುವುದು ಆಮೇಲೆ. ಬೇಡ ಅಂದರೂ ತಿಳಿದಿರುವುದು ನಾಲ್ಕೇ ಜನಕ್ಕೆ.

ಬೆಂಗಳೂರಿನಲ್ಲಿ ಇದು ಆಗದ್ದೇನಲ್ಲ. ಬಯೋಡೇಟಾ ಬಂದ ದಿನವೇ ಮಗಳಿಗೆ ತೋರಿಸಿ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಇಬ್ಬರೇ ಒಂದು ಗಂಟೆ ಕಾಫಿಗೆ ಕೂರಲಿ. ಎರಡನೇ ಭೇಟಿ ಆದ ಮೇಲೆ ಜಾತಕ. ಹುಡುಗನ ಕಡೆಯವರು ಮೊದಲೇ ಕೇಳಿದರೆ ಕೊಡಿ, ಆದರೆ "ನಾವಿನ್ನೂ ತೋರಿಸಿಲ್ಲ, ತೋರಿಸಿ ಹೇಳ್ತೀವಿ" ಅನ್ನಿ.

ಆತುರ ಹುಟ್ಟಿಸುವುದು ಛತ್ರ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ವೈಶಾಖ, ಜ್ಯೇಷ್ಠದ ಮುಹೂರ್ತಗಳಿಗೆ ಒಳ್ಳೆಯ ಛತ್ರಗಳು ತಿಂಗಳುಗಟ್ಟಲೆ ಮುಂಚೆ ತುಂಬುತ್ತವೆ. ಮಗಳ ಒಪ್ಪಿಗೆ ಅರೆಬರೆ ಇರುವಾಗಲೇ ಅಪ್ಪ ಮುಂಗಡ ಕಟ್ಟಿ ಬಂದಿರುತ್ತಾರೆ. ಅಲ್ಲಿಂದ ಪ್ರತಿ ಮಾತಿನ ನಡುವೆಯೂ ಆ ದುಡ್ಡು ಬಂದು ಕೂರುತ್ತದೆ. ಶ್ರಾವಣಕ್ಕೋ ಕಾರ್ತಿಕಕ್ಕೋ ಹೋದರೆ ಏನೂ ಕೆಡುವುದಿಲ್ಲ.

ಹೆಣ್ಣುಮಕ್ಕಳಿಗೂ ಒಂದು ಮಾತು. "ಈಗ ಬೇಡ" ಅನ್ನಬೇಡಿ. ಅಪ್ಪನಿಗೆ ಅದು "ಆರು ತಿಂಗಳು ಬಿಟ್ಟು ಕೇಳು" ಅಂತ ಕೇಳಿಸುತ್ತದೆ, ಇನ್ನೂ ಮೂರು ಬಯೋಡೇಟಾ ಬರುತ್ತವೆ. ಈ ಹುಡುಗ ಬೇಡವೋ, ಎರಡು ವರ್ಷ ಮದುವೆಯೇ ಬೇಡವೋ, ಮನಸ್ಸಿನಲ್ಲಿ ಬೇರೆಯವರಿದ್ದಾರೋ, ಮೂರೂ ಬೇರೆ ಬೇರೆ ಮಾತು. ಮೂರನೆಯದನ್ನು ಮೊದಲನೆಯದರ ವೇಷದಲ್ಲಿ ಹೇಳುತ್ತಾ ಬಂದು, ಐದನೇ ಸಂಬಂಧದ ಹೊತ್ತಿಗೆ ನಿಜ ಹೊರಬಿದ್ದರೆ, ಅಪ್ಪನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ನೋಯುವುದು ಅದೇ. "ಅಪ್ಪಂಗೆ ನೀನೇ ಹೇಳಮ್ಮ" ಅಂತ ಅಮ್ಮನ ಕೈಲಿ ಹೇಳಿಸಿದರೆ "ಒಪ್ಪಲ್ಲ" ಅನ್ನುವುದು ಅಡುಗೆಮನೆಯಿಂದ ಹಾಲಿಗೆ ಬರುವಷ್ಟರಲ್ಲಿ "ಯೋಚಿಸ್ತಾಳಂತೆ" ಆಗಿರುತ್ತದೆ. ನೀವೇ ಎದುರು ಕೂತು ಹೇಳಿ.

ಮಾತು ಕೈಮೀರಿದಾಗ ಕಾನೂನು ಗೊತ್ತಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾಗಲು ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ನೋಟಿಸ್ ಪ್ರಕಟವಾಗಿ 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ವಯಸ್ಸು, ಇನ್ನೊಂದು ಮದುವೆ ಜಾರಿಯಲ್ಲಿರುವುದು, ಮದುವೆಗೆ ನಿಷಿದ್ಧವಾದ ಹತ್ತಿರದ ನೆಂಟಸ್ತಿಕೆ ಇಂಥವಕ್ಕೆ ಮಾತ್ರ ಆಕ್ಷೇಪಣೆ ನಿಲ್ಲುತ್ತದೆ. ಅಪ್ಪನಿಗೆ ಇಷ್ಟವಿಲ್ಲ ಅನ್ನುವುದು ಆಕ್ಷೇಪಣೆಯಲ್ಲ. ಒತ್ತಾಯದಿಂದ ತಾಳಿ ಕಟ್ಟಿಸಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ರದ್ದು ಕೇಳಬಹುದು, ಆದರೆ ಒತ್ತಾಯ ನಿಂತ ಒಂದು ವರ್ಷದೊಳಗೆ. ತಡಮಾಡಿ ಈ ಅವಕಾಶ ಕಳೆದುಕೊಳ್ಳಬೇಡಿ.

"ಆಸ್ತಿಯಲ್ಲಿ ಬಿಡಿಗಾಸು ಕೊಡಲ್ಲ" ಅನ್ನುವ ಬೆದರಿಕೆಯಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಗಿಂತ ಮೊದಲೇ, 1994ರಲ್ಲಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ ಈ ಹಕ್ಕು ಕೊಟ್ಟಿತ್ತು. ಆದರೆ ಅಪ್ಪ ಸಂಬಳದಲ್ಲಿ ಕೊಂಡ ಸೈಟು ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆದುಕೊಡಬಹುದು. ಬೆಂಗಳೂರಿನಲ್ಲಿ ಬಹಳ ಮನೆಗಳ ಆಸ್ತಿ ಅಂದರೆ ಆ ಒಂದು ಸೈಟೇ.

ಕೋರ್ಟಿಗಿಂತ ಮೊದಲು ಸೋದರಮಾವನನ್ನು ಹಿಡಿಯಿರಿ. ಮದುಮಗಳನ್ನು ಮಂಟಪಕ್ಕೆ ಕರೆತರುವುದು ಅಲ್ಲೂ ಇಲ್ಲೂ ಅವನೇ. ಮರಾಠಿ ಮದುವೆಯಲ್ಲಿ ಪುರೋಹಿತರು ಹುಡುಗಿಯ ಮಾಮನನ್ನು ಕೂಗಿ ಕರೆಯುತ್ತಾರೆ. ಅಪ್ಪನಿಗೆ ಎದುರಾಡುವ ಸಲುಗೆಯೂ ಅವನಿಗಿರುತ್ತದೆ. ಅಪ್ಪ ಬರುವುದೇ ಇಲ್ಲ ಅಂದರೆ ಸೋದರಮಾವ-ಅತ್ತೆ ಕೂತು ಧಾರೆ ಎರೆಯಬಹುದು. ಆಗಲೂ ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರು ಬಿಡಬೇಡಿ. ಮೊದಲ ಪ್ರತಿಗೆ ಅರಿಶಿನ-ಕುಂಕುಮ ಹಚ್ಚಿ ಮಾವನ ಕೈಲಿ ಮನೆಗೆ ಕಳಿಸಿ.