ಓಆರ್‌ಎಸ್ ಕೊಡಿ, ಆರೆಂಜ್ ಇರೋದು

ಒಂದು ತಂಪು ಪಾನೀಯ ತಗೊಳ್ಳಿ. ಬ್ರ್ಯಾಂಡ್ ಹೆಸರಿನ ಹಿಂದೋ ಮುಂದೋ ಓಆರ್‌ಎಸ್ (ವಾಂತಿಭೇದಿಯಾದಾಗ ನೀರಿಗೆ ಕಲಸಿ ಕುಡಿಸೋ ಉಪ್ಪು-ಗ್ಲೂಕೋಸ್ ಪುಡಿ) ಅನ್ನೋ ಮೂರಕ್ಷರ ಅಂಟಿಸಿ. ಪೊಟ್ಟಣದ ಮೇಲೆ ಒಂದು ಹೋಳು ಕಿತ್ತಳೆ ಬಿಡಿಸಿ. ಕೊನೆಗೆ ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ’ ಅಂತ ಒಂದು ಸಾಲು ಹಾಕಿಬಿಡಿ. ಮುಗೀತು, ಇನ್ನು ಮಾರಬಹುದು.

ತಮಾಷೆಯಲ್ಲ ಸ್ವಾಮಿ. 2022ರ ಜುಲೈನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಅದನ್ನು ವಾಪಸ್ ತಗೊಂಡಿದ್ದು 2025ರ ಅಕ್ಟೋಬರ್ 14ಕ್ಕೆ. ನಡುವೆ ಮೂರು ಬೇಸಿಗೆ ಕಳೆದವು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ನಗುತ್ತಿದ್ದೆವಲ್ಲ, ಆ ಭಟ್ಟರಿಗೆ ಸರ್ಕಾರಿ ಒಪ್ಪಿಗೆಯಾದರೂ ಇರಲಿಲ್ಲ.

ಈ ಯೋಚನೆ ಹೊಳೆದವರಿಗೆ ಕೈ ಮುಗಿಯಬೇಕು. ಆದರೆ ಒಂದೇ ಪಾನೀಯಕ್ಕೆ ಯಾಕೆ ಈ ಸೌಕರ್ಯ? ನಾನೂ ನಾಳೆ ಕಿರಾಣಿ ಅಂಗಡಿಗೆ 500ರ ನೋಟು ಕೊಡುತ್ತೇನೆ. ಗಾಂಧೀಜಿ ಇರುತ್ತಾರೆ, ಕೆಂಪುಕೋಟೆ ಇರುತ್ತದೆ, ಮೂಲೆಯಲ್ಲಿ ಸಾಸಿವೆ ಗಾತ್ರದಲ್ಲಿ ‘ಇದು ರಿಸರ್ವ್ ಬ್ಯಾಂಕ್ ಹೇಳಿದ ನೋಟು ಅಲ್ಲ’ ಅಂತಲೂ ಇರುತ್ತದೆ. ಓದದೇ ತಗೊಂಡರೆ ತಪ್ಪು ಅಂಗಡಿಯವರದ್ದು, ಅಲ್ವಾ? ಹುಡುಗನ ಕಡೆಯವರು ಲಗ್ನಪತ್ರಿಕೆಯಲ್ಲಿ ದಪ್ಪಗೆ ‘ಡಾಕ್ಟರ್’ ಅಂತ ಹಾಕಿಸಿ, ಕೆಳಗೆ ‘ಸದರಿ ವರ ಡಾಕ್ಟರ್ ಅಲ್ಲ’ ಅಂತ ಹಾಕಿಸಲಿ. ಹೊಂಡ ಮುಚ್ಚುವ ಖರ್ಚೂ ಉಳಿಯುತ್ತದೆ. ಪಕ್ಕದಲ್ಲಿ ‘ಇದು ರಸ್ತೆಯಲ್ಲ’ ಅಂತ ಬೋರ್ಡು ನೆಟ್ಟರೆ ಸಾಕು. ಚುನಾವಣಾ ಪ್ರಣಾಳಿಕೆಗೆ ಮಾತ್ರ ಈ ಸಾಲು ಬೇಕಾಗಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ.

ನಿಜವಾದ ಓಆರ್‌ಎಸ್‌ಗೆ ಇಷ್ಟೆಲ್ಲ ಬೆಡಗಿಲ್ಲ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್, ಸ್ವಲ್ಪ ಸಿಟ್ರೇಟ್. ಗ್ಲೂಕೋಸ್ ಉಪ್ಪಿನ ಕೈ ಹಿಡಿದು ಕರುಳಿನ ಗೋಡೆ ದಾಟುತ್ತದೆ, ಹಿಂದೆಯೇ ನೀರೂ ದಾಟುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿ ಖಾಲಿಯಾಗುತ್ತಾ ಬಂದಾಗ ಡಾ. ದಿಲೀಪ್ ಮಹಲನಬೀಸ್ ಇಂಥದ್ದೇ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟರು. ಮನೆಮಂದಿಯೇ ಮಗ್ಗಿನಲ್ಲಿ ಹಿಡಿದು ರೋಗಿಗೆ ಕುಡಿಸಿದರು. ಸಾವು ಶೇ. 30ರ ಆಸುಪಾಸಿನಿಂದ ಶೇ. 3ರ ಆಸುಪಾಸಿಗೆ ಇಳಿಯಿತು. ಆ ಡ್ರಮ್ಮಿನ ಮೇಲೆ ಕಿತ್ತಳೆ ಹೋಳಿನ ಚಿತ್ರವಂತೂ ಇರಲಿಲ್ಲ.

ನಮ್ಮ ಪೊಟ್ಟಣದವರಿಗೆ ಇದು ಸಪ್ಪೆ ಅನಿಸಿರಬೇಕು. ಲೀಟರಿನ ಲೆಕ್ಕ ಹಾಕಿದರೆ 100 ಗ್ರಾಂ ದಾಟುವಷ್ಟು ಸಕ್ಕರೆ ಸುರಿದವರೂ ಇದ್ದರು. ಸಕ್ಕರೆ ಅಷ್ಟು ಜಾಸ್ತಿಯಾದರೆ ನೀರು ಉಲ್ಟಾ ಕರುಳಿನೊಳಕ್ಕೆ ಬರುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ. ಅಂದರೆ ಬೆಂಕಿ ಆರಿಸೋ ಗಾಡಿಗೆ ಸೀಮೆಎಣ್ಣೆ ತುಂಬಿಸಿ ಕಳಿಸಿದ ಹಾಗೆ, ಅದೂ ಪರವಾನಗಿ ಕೊಟ್ಟು.

ಏಪ್ರಿಲ್ ತಿಂಗಳ ರಾಯಚೂರನ್ನು ನೆನೆಸಿಕೊಳ್ಳಿ. ರಾತ್ರಿ ಹತ್ತಾದರೂ ಗೋಡೆ ಕಾಯುತ್ತಲೇ ಇರುತ್ತದೆ. ಮಗುವಿಗೆ ವಾಂತಿಭೇದಿ. ಸೊಂಟದ ಮೇಲೆ ಮಗು ಇಟ್ಟುಕೊಂಡು ಬಂದ ತಾಯಿ ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೇಳುತ್ತಾಳೆ. ನಿಜವಾದ ಪುಡಿಯ ಪೊಟ್ಟಣ ಹಿಂದಿನ ಡ್ರಾಯರಿನಲ್ಲಿ, ಗುಳಿಗೆಗಳ ಕೆಳಗೆ ಎಲ್ಲೋ ಇರುತ್ತದೆ. ಎದುರಿಗಿರುವುದು ಫ್ರಿಜ್. ‘ಆರೆಂಜ್ ಕೊಡಲೇನಕ್ಕಾ, ಆಪಲ್ ಕೊಡಲಾ?’ ಅವಳು ಸ್ಟ್ರಾ ಚುಚ್ಚಿ ಅಲ್ಲೇ ಕುಡಿಸುತ್ತಾಳೆ. ಈಗ ಅವಳು ಪೊಟ್ಟಣ ತಿರುಗಿಸಿ, ಇಂಗ್ಲಿಷಿನ ಆ ಸಾಲು ಹುಡುಕಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ತಾಳೆ ನೋಡಬೇಕಿತ್ತು ಅಂತ ನಿಯಮ ಬರೆದವರ ನಿರೀಕ್ಷೆ. ಎ.ಸಿ. ರೂಮಿನಲ್ಲಿ ಕೂತರೆ ಎಂಥೆಂಥ ನಿರೀಕ್ಷೆಗಳು ಹುಟ್ಟುತ್ತವೆ ನೋಡಿ.

ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಪತ್ರ ಬರೆದರು, ವಿಡಿಯೋ ಮಾಡಿದರು, ಕೋರ್ಟಿಗೂ ಹೋದರು. ಸಕ್ಕರೆ ನೀರನ್ನು ಸಕ್ಕರೆ ನೀರು ಅನ್ನೋದಕ್ಕೆ ಇಷ್ಟು ಓಡಾಟ.

ಇತ್ತ ನಮ್ಮ ಅಡುಗೆಮನೆಯ ಸಾಮಾನುಗಳು ಯಾವ ಒಪ್ಪಿಗೆಯೂ ಇಲ್ಲದೆ ಸುಮ್ನೆ ಕೆಲಸ ಮಾಡುತ್ತಿವೆ. ಉಪ್ಪು ಹಾಕಿದ ನೀರುಮಜ್ಜಿಗೆ, ಬೆಳಗಿನ ರಾಗಿ ಅಂಬಲಿ, ಕರಾವಳಿಯ ಪುನರ್ಪುಳಿ ಶರಬತ್ತು, ರಾಮನವಮಿಯ ಪಾನಕ. ಭೇದಿ ಹಿಡಿದಾಗ ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಕ್ಕೆ ಜಾಹೀರಾತು ಮಾಡೋಕೆ ಯಾವ ನಟನೂ ಸಿಗಲ್ಲ.

ಈಗ ನಿಷೇಧ ಬಂದಿದೆ. ಮೂರಕ್ಷರ ತೆಗೆಯಬೇಕು, ಅಷ್ಟೆ. ಒಳಗಿನ ಸಕ್ಕರೆಯ ಬಗ್ಗೆ ಆ ಆದೇಶದಲ್ಲಿ ತಕರಾರಿಲ್ಲ. ಪೊಟ್ಟಣ ಹೊಸ ಹೆಸರಿಟ್ಟುಕೊಂಡು ಅದೇ ಫ್ರಿಜ್ಜಿಗೆ ಮರಳಿ ಬಂದರೆ ಅದು ಕಾನೂನು ಪ್ರಕಾರ ಬರೀ ಪಾನೀಯ. ಗಿರಾಕಿಗೆ ಮಾತ್ರ ಹಳೇ ಹೆಸರೇ ಬಾಯಿಪಾಠ. ‘ಹೊಸದೆಲ್ಲ ಬೇಡಪ್ಪ, ಮೊದಲು ಬರ್ತಿತ್ತಲ್ಲ, ಆ ಒರಿಜಿನಲ್ ಓಆರ್‌ಎಸ್ಸೇ ಕೊಡು.’