ಮೂತ್ಯೇಯನ್ನು ಕೇಳಿದರು, ಕುಂಬಳೆಯನ್ನು ಕೇಳಲಿಲ್ಲ

2026ರ ಜನವರಿ 1ರಂದು ನಮ್ಮ ಪಕ್ಕದ ಊರು ರಾಜ್ಯ ಬದಲಿಸಿತು. ನಾನಿರುವುದು ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದಲ್ಲಿ. ಇದು ಬೆರ್ನ್ ರಾಜ್ಯಕ್ಕೆ ಸೇರಿದ್ದು. ರಾಜ್ಯಕ್ಕೆ ಇಲ್ಲಿ ಕ್ಯಾಂಟನ್ ಅನ್ನುತ್ತಾರೆ. ರೈಲು ಹತ್ತಿ ಬೆಟ್ಟ ದಾಟಿದರೆ ಆ ಊರು. ಬೋರ್ಡು ಓದಿದರೆ ಮೌಟಿಯರ್ ಅನ್ನಿಸುತ್ತದೆ, ಜನ ಕರೆಯುವುದು ಮೂತ್ಯೇ ಅಂತ. 'ಮೂತಿ' ಅಂತ ಕೇಳಿಸಿ ನನ್ನ ಹೆಂಡತಿಗೆ ಇವತ್ತಿಗೂ ನಗು. ಸುಮಾರು ಏಳು ಸಾವಿರ ಜನರ ಆ ಊರು ಹೊಸ ವರ್ಷದ ದಿನ ಬೆರ್ನ್ ಬಿಟ್ಟು ಜೂರಾ ರಾಜ್ಯದ ಪಾಲಾಯಿತು.

ನನಗೆ ಅಜ್ಜ ನೆನಪಾದರು. ನಮ್ಮೂರು ಕಾಸರಗೋಡಿನ ಕುಂಬಳೆ. ನಾನಾದರೂ ವಿಮಾನ ಹತ್ತಿ ಹೊರನಾಡ ಕನ್ನಡಿಗನಾದೆ. ಅಜ್ಜ ಜಗಲಿಯಲ್ಲಿ ಕೂತಲ್ಲೇ ಹೊರನಾಡ ಕನ್ನಡಿಗರಾದವರು, 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ನಮ್ಮದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕೇರಳ. ಯಾವ ರಾಜ್ಯ ಬೇಕು ಅಂತ ಅಜ್ಜನನ್ನು ಯಾರೂ ಕೇಳಲಿಲ್ಲ.

ಜನರನ್ನು ಕೇಳಬೇಕು ಅಂತ ನಮ್ಮ ಸಂವಿಧಾನದಲ್ಲಿ ಇಲ್ಲವೇ ಇಲ್ಲ. 3ನೇ ವಿಧಿಯ ಪ್ರಕಾರ ಹೊಸ ರಾಜ್ಯ ಮಾಡುವುದು, ಗಡಿ ಬದಲಿಸುವುದು, ಹೆಸರು ಬದಲಿಸುವುದು ಎಲ್ಲ ಪಾರ್ಲಿಮೆಂಟಿನ ಕೈಯಲ್ಲಿದೆ. ರಾಷ್ಟ್ರಪತಿಗಳು ಮಸೂದೆಯನ್ನು ಆ ರಾಜ್ಯದ ಶಾಸಕಾಂಗಕ್ಕೆ ಕಳಿಸಿ ಅಭಿಪ್ರಾಯ ಕೇಳುತ್ತಾರೆ, ಅದಕ್ಕೊಂದು ಗಡುವು ಕೊಡುತ್ತಾರೆ. ಅಭಿಪ್ರಾಯ ಏನೇ ಬರಲಿ, ಒಪ್ಪಲೇಬೇಕು ಅಂತಿಲ್ಲ. ಸಾಮಾನ್ಯ ಬಹುಮತ ಸಾಕು. 4ನೇ ವಿಧಿ ಇದನ್ನು ಸಂವಿಧಾನ ತಿದ್ದುಪಡಿ ಅಂತಲೂ ಲೆಕ್ಕ ಹಾಕುವುದಿಲ್ಲ. 2014ರ ಜನವರಿಯಲ್ಲಿ ಆಂಧ್ರದ ವಿಧಾನಸಭೆ ವಿಭಜನೆ ಮಸೂದೆಯನ್ನು ತಿರಸ್ಕರಿಸಿತ್ತು. ಫೆಬ್ರವರಿಯಲ್ಲಿ ಪಾರ್ಲಿಮೆಂಟ್ ಅದನ್ನೇ ಪಾಸು ಮಾಡಿತು, ಜೂನ್ 2ಕ್ಕೆ ತೆಲಂಗಾಣ ಬಂತು.

ಇಲ್ಲಿಯ ಕ್ರಮ ಪೂರ್ತಿ ತಿರುಗುಮುರುಗು. ಜೂರಾ ಫ್ರೆಂಚ್ ಮಾತಿನ ಸೀಮೆ. 1815ರಲ್ಲಿ ವಿಯೆನ್ನಾದಲ್ಲಿ ಕೂತ ದೊಡ್ಡವರು ಅದನ್ನು ಜರ್ಮನ್ ಮಾತಿನ ಬೆರ್ನ್‌ಗೆ ಕೊಟ್ಟರು. ಆಗ ಇವರನ್ನೂ ಯಾರೂ ಕೇಳಿರಲಿಲ್ಲ ಬಿಡಿ. 1947ರಲ್ಲಿ ಬೆರ್ನ್ ಸರ್ಕಾರದ ಒಬ್ಬ ಮಂತ್ರಿಗೆ, ಅವರು ಫ್ರೆಂಚ್ ಮಾತಿನವರು ಅನ್ನುವ ಕಾರಣಕ್ಕೆ, ಲೋಕೋಪಯೋಗಿ ಖಾತೆ ತಪ್ಪಿಸಿದ್ದೇ ನೆಪವಾಗಿ ಪ್ರತ್ಯೇಕ ರಾಜ್ಯದ ಕೂಗು ಎದ್ದಿತು. ಸ್ವಿಸ್ ಜನ ಅಂದರೆ ಭಾರೀ ಸೌಮ್ಯ ಅಂದುಕೊಳ್ಳಬೇಡಿ. 60ರ ದಶಕದಲ್ಲಿ ಬೆಂಕಿ ಹಚ್ಚಿದ್ದೂ ಉಂಟು, ಬಾಂಬ್ ಇಟ್ಟದ್ದೂ ಉಂಟು.

ಕೊನೆಗೆ ವೋಟು ಶುರುವಾಯಿತು. ನನಗೆ ಇಷ್ಟವಾಗಿದ್ದು ಅದನ್ನು ಮಾಡಿದ ರೀತಿ. 1974ರಲ್ಲಿ ಇಡೀ ಸೀಮೆಯನ್ನು ಕೇಳಿದರು, 36,802 ಜನ ಹೊಸ ರಾಜ್ಯ ಬೇಕು ಅಂದರು, 34,057 ಜನ ಬೇಡ ಅಂದರು. ಬೇಡ ಅಂದ ದಕ್ಷಿಣದ ಜಿಲ್ಲೆಗಳನ್ನು 1975ರ ಮಾರ್ಚ್‌ನಲ್ಲಿ ಮತ್ತೆ ಕೇಳಿದರು. ಅವು ಬೆರ್ನ್‌ನಲ್ಲೇ ಉಳಿದವು. ಅಷ್ಟಕ್ಕೇ ಬಿಡದೆ ಅದೇ ಸೆಪ್ಟೆಂಬರಿನಲ್ಲಿ ಗಡಿಯ ಊರುಗಳನ್ನು ಒಂದೊಂದಾಗಿ ಕೇಳಿದರು. ಎಂಟು ಹಳ್ಳಿಗಳು ಜೂರಾ ಕಡೆ ಹೋದವು. ಮೂತ್ಯೇ ಆಗ ಬೆರ್ನ್‌ನಲ್ಲೇ ಉಳಿಯಿತು. 1978ರಲ್ಲಿ ಇಡೀ ದೇಶ ವೋಟು ಹಾಕಿ ಒಪ್ಪಿದ ಮೇಲೆ, 1979ರ ಜನವರಿ 1ಕ್ಕೆ ಹೊಸ ಕ್ಯಾಂಟನ್ ಹುಟ್ಟಿತು. ವೆಲ್ಲೆರಾ ಅಂತ ಒಂದು ಹಳ್ಳಿ ಉಂಟು, ಎಪ್ಪತ್ತು ಜನ ಇರಬಹುದು. ಗಡಿಗೆ ತಾಗಿಲ್ಲ ಅಂತ 1975ರಲ್ಲಿ ಅದಕ್ಕೆ ವೋಟು ಕೊಟ್ಟಿರಲಿಲ್ಲ. 1996ರಲ್ಲಿ ಆ ಎಪ್ಪತ್ತು ಜನರನ್ನು ಜೂರಾಕ್ಕೆ ಸೇರಿಸಲು ದೇಶವೇ ವೋಟು ಹಾಕಿತು!

ಈಗ ಕಾಸರಗೋಡಿಗೆ ಬನ್ನಿ. ರಾಜ್ಯಗಳ ಮರುವಿಂಗಡಣೆಗೆ ಕೇಂದ್ರ ನೇಮಿಸಿದ್ದ ಫಜಲ್ ಅಲಿ ಆಯೋಗ ಇಡೀ ತಾಲ್ಲೂಕನ್ನು ಒಂದೇ ತುಂಡು ಅಂತ ನೋಡಿತು. ತಾಲ್ಲೂಕಿನ ಒಟ್ಟು ಲೆಕ್ಕದಲ್ಲಿ ಮಲಯಾಳಿಗರು ಜಾಸ್ತಿ, ಕೇರಳಕ್ಕೆ ಹೋಗಲಿ ಅಂದಿತು. ಚಂದ್ರಗಿರಿ ಹೊಳೆಯ ಈಚೆ, ಅಂದರೆ ಕುಂಬಳೆ ಇರುವ ಉತ್ತರದ ಕಡೆ, ಮಾತು ಬೇರೆ, ಆಚೆ ಬೇರೆ ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತಿತ್ತು. 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗವೂ ಅದನ್ನೇ ಹೇಳಿತು, ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಲಿ ಅಂತ. ಆ ವರದಿ ಜಾರಿಗೆ ಬರಲಿಲ್ಲ.

ಹಾಗಂತ ಸ್ವಿಸ್ ಪದ್ಧತಿಯನ್ನು ಇಡಿಯಾಗಿ ತಂದು ಹಾಕಿ ಅಂತ ನಾನು ಹೇಳುವುದಿಲ್ಲ. ಅಜ್ಜನನ್ನು ಹೊರಗೆ ಹಾಕಿದ ಅದೇ 3ನೇ ವಿಧಿ, ಅದೇ ದಿನ, ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರು ಅಂತ ಹಂಚಿಹೋಗಿದ್ದ ಕನ್ನಡಿಗರನ್ನು ಒಂದು ಮಾಡಿತು. ಹಳೆ ಮೈಸೂರಿನಲ್ಲೇ ಏಕೀಕರಣ ಬೇಡ ಅನ್ನುವವರು ಇದ್ದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅವರನ್ನು ಎದುರು ಹಾಕಿಕೊಂಡೇ ಏಕೀಕರಣದ ಪರ ನಿಂತರು. ಇಲ್ಲಿಯ ಹಾಗೆ ಎಲ್ಲರೂ ಒಪ್ಪಬೇಕಿದ್ದರೆ, ಧಾರವಾಡ ಎಲ್ಲಿ ಸೇರಬೇಕು ಅಂತ ಬಿಹಾರದವರೂ ವೋಟು ಹಾಕಬೇಕಿತ್ತು. ಆಗುತ್ತಿತ್ತಾ? ಇನ್ನು ಆಂಧ್ರ ವಿಧಾನಸಭೆಯ ಮಾತೇ ಕೊನೆ ಅಂತಿದ್ದರೆ ತೆಲಂಗಾಣ ಇವತ್ತಿಗೂ ಇರುತ್ತಿರಲಿಲ್ಲ.

ವೋಟಿನಲ್ಲೂ ತಕರಾರು ತಪ್ಪಿದ್ದಲ್ಲ. 2017ರಲ್ಲಿ ಮೂತ್ಯೇ 137 ವೋಟಿನ ಅಂತರದಲ್ಲಿ ಜೂರಾ ಬೇಕು ಅಂದಿತು. ಊರಿನಲ್ಲಿ ವಾಸವೇ ಇಲ್ಲದವರು ಪಟ್ಟಿಗೆ ಸೇರಿದ್ದಾರೆ, ಮೇಯರ್ ಪ್ರಚಾರ ಮಾಡಿದ್ದಾರೆ ಅಂತ ದೂರು ಹೋಗಿ ಮರುವರ್ಷ ಆ ಫಲಿತಾಂಶವೇ ರದ್ದಾಯಿತು. 2021ರಲ್ಲಿ ಮತ್ತೆ ವೋಟು, ಈ ಸಲ ಅಂತರ 374. ನನ್ನ ಸಹೋದ್ಯೋಗಿಯೊಬ್ಬಳು ಆ ಊರಿನವಳು. ಹಬ್ಬದ ಊಟಕ್ಕೆ ಕೂತಾಗ ಅವಳ ಮನೆಯಲ್ಲಿ ಈ ವಿಷಯ ತೆಗೆಯುವುದಿಲ್ಲವಂತೆ.

ನನಗೆ ಬೇಕಾಗಿರುವುದು 1975ರ ಸೆಪ್ಟೆಂಬರಿನ ಆ ಕೆಲಸ ಮಾತ್ರ. ರಾಜ್ಯ ಮಾಡುವ ಅಧಿಕಾರ ಪಾರ್ಲಿಮೆಂಟಿಗೇ ಇರಲಿ. ಗೆರೆ ಎಳೆಯುವ ಮೊದಲು ಆ ಗೆರೆ ಹಾದುಹೋಗುವ ಹಳ್ಳಿಗಳನ್ನಾದರೂ ಕೇಳಲಿ. ತಾಲ್ಲೂಕಿನ ಲೆಕ್ಕದಲ್ಲಿ ಕುಂಬಳೆ ಕಾಣುವುದಿಲ್ಲ. ಅದೂ ಗೆರೆ ಹಸಿಯಾಗಿರುವಾಗಲೇ ಕೇಳಬೇಕು. ಎಪ್ಪತ್ತು ವರ್ಷದಲ್ಲಿ ಜನ, ಶಾಲೆ, ನೌಕರಿ, ಸಂಬಂಧ ಎಲ್ಲ ಬದಲಾಗಿರುತ್ತದೆ.

ಮೂತ್ಯೇ ಸುದ್ದಿ ಹೇಳೋಣ ಅಂತ ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದ್ದೆ. ಈಗ ನಿನ್ನನ್ನು ಕೇಳಿದರೆ ಯಾವ ರಾಜ್ಯ ಅನ್ನುತ್ತೀ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದೆಲ್ಲ ಈಗ ಎಂತಕ್ಕಣ್ಣ?" ಅಂದ. "ಮಗಳ ಕನ್ನಡ ಶಾಲೆಗೆ ಬಂದ ಹೊಸ ಮಾಷ್ಟ್ರಿಗೆ ಕನ್ನಡವೇ ಬರುವುದಿಲ್ಲ. ಸೋಮವಾರ ನಾವು ನಾಲ್ಕು ಜನ ಅರ್ಜಿ ತಗೊಂಡು ಹೋಗ್ತಾ ಇದ್ದೇವೆ. ಅರ್ಜಿ ಮಲಯಾಳದಲ್ಲೇ ಬರೆಸಿದ್ದೇನೆ."